ಟಿಟವಿ ಕೇಳಿದ್ದು

ಬೆಳಿಗ್ಗೆಯಿಂದ ಶಂಕ್ರೆಪ್ಪನಿಗೆ ತಲೆಯ ಮೇಲಿನ ರುಮಾಲು ಸರಿಯಾಗಿ ಕೂತಿಲ್ಲ ಅನ್ನಿಸುತ್ತಿತ್ತು. ಬಿಚ್ಚಿ ಸುತ್ತಿಕೊಂಡ, ಮತ್ತೆ ಬಿಚ್ಚಿ ಸುತ್ತಿಕೊಂಡ. ಆದರೂ ಎಡಗಿವಿಯ ಮೇಲೆ ಏನೋ ಜೋತುಬಿದ್ದ ಹಾಗೆ ಭಾರ. ಹಿಂದೆ ಬರುತ್ತಿದ್ದ ದೊರೆಸಾನಿ ತನ್ನ ರುಮಾಲನ್ನೇ ನೋಡುತ್ತಿದ್ದಾಳೆ ಎಂದು ಗುಮಾನಿ ಬಂದು ತಿರುಗಿ ನೋಡಿದರೆ, ಆಕೆ ಹುಲ್ಲಿನ ಕಡೆ ನೋಡುತ್ತ, ಬಿಸಿಲಿಗೆ ಕೆಂಪಾದ ಮೂಗನ್ನು ಒರೆಸಿಕೊಳ್ಳುತ್ತಿದ್ದಳು. ತನ್ನನ್ನು ನೋಡುವಷ್ಟು ಪುರಸೊತ್ತು ಯಾರಿಗಿದೆ ಎಂದುಕೊಂಡ. ಹಾಗೆ ಅಂದುಕೊಂಡ ಕೂಡಲೇ ಅದಕ್ಕೂ ಬೇಸರವಾಯಿತು. ಸಂಸ್ಥಾನದ ರಮಣಾದಲ್ಲಿ, ಅಂದರೆ ಬೇಟೆಗೆಂದೇ ಕಾಯ್ದಿಟ್ಟ ಈ ಹುಲ್ಲು, ಜಾಲಿ, ಬಾರಿಕಂಟಿಗಳ ಬಯಲಿನಲ್ಲಿ, ಅವನ ಕೆಲಸವೇ ಅಂಥದು. ಬಂದ ಅತಿಥಿಗಳ ಮುಂದೆ ನಡೆಯಬೇಕು. ಕಂಡ ಹಕ್ಕಿಯ, ಮಿಗದ, ಹುಲ್ಲಿನ ಹೆಸರು ಹೇಳಬೇಕು. ಬಿಳಿಯರು ಅಂದದ್ದನ್ನು ಆಳುಗಳಿಗೆ, ಆಳುಗಳು ಅಂದದ್ದನ್ನು ಬಿಳಿಯರಿಗೆ ದಾಟಿಸಬೇಕು. ದಾಟಿಸುವವನ ಮುಖವನ್ನು ಯಾರೂ ನೋಡುವುದಿಲ್ಲ. ಬೆಳಗಾವಿಯ ದಂಡಿನಲ್ಲಿ ಹಕ್ಕಿಗಳ ತೊಗಲು ಸುಲಿದು ಹತ್ತಿ ತುಂಬಿಡುವ ಹುಚ್ಚಿನ ಒಬ್ಬ ಸಾಹೇಬನ ಹತ್ತಿರ ಚಾಕರಿಗಿದ್ದಾಗ ಅವನು ಎರಡನ್ನೂ ಕಲಿತಿದ್ದ, ಇಂಗ್ಲಿಷನ್ನೂ ಹಕ್ಕಿಗಳನ್ನೂ. ಎರಡರಲ್ಲಿ ಯಾವುದು ಮೊದಲು ಬಂತು ಎಂದು ಕೇಳಿದರೆ ಅವನಿಗೂ ಗೊತ್ತಿರಲಿಲ್ಲ.

ಈ ದೊರೆಸಾನಿಗೆ ಬಂದೂಕು ಸೇರದು. ಅದೇ ತೊಡಕಾಗಿತ್ತು. ಬಂದೂಕಿನವರಾದರೆ ಅವರಿಗೆ ಚಿಗರಿ ಎಲ್ಲಿದೆ, ಗಾಳಿ ಯಾವ ಕಡೆ ಎಂದು ಹೇಳಿ ಬಾಯಿ ಮುಚ್ಚಿಕೊಂಡಿರಬಹುದು. ಈಕೆಗೆ ಮಾತು ಬೇಕು. ಸಂಸ್ಥಾನದ ಕಾರಭಾರಿಗಳು ಬೆಳಿಗ್ಗೆ ಡೇರೆಯ ಮುಂದೆ ಎಲೆಯಡಿಕೆ ಮೆಲ್ಲುತ್ತ ಅವನಿಗೆ ತಾಕೀತು ಮಾಡಿದ್ದರು. "ಆಕೀಗೆ ಕತಿ ಬೇಕಂತ ಶಂಕ್ರೆಪ್ಪಾ. ಹಕ್ಕಿ ಏನ ಅಂತದ, ನರಿ ಏನ ಅಂತದ, ಇಲ್ಲಿ ಮಂದಿ ಏನ ಅಂತಾರ, ಎಲ್ಲಾ ಹೇಳು. ಗೊತ್ತಿಲ್ಲದಿದ್ರ ಹುಟ್ಟಿಸಿ ಹೇಳು. ನಿನ್ನ ಆ ಸಪ್ಪ ಮಾರಿ ಮಾತ್ರ ತರಬ್ಯಾಡ ನೋಡು, ಒಂದ ವರ್ಷ ಆತು, ಸಾಕ ಮಾಡು." ಶಂಕ್ರೆಪ್ಪ "ಹೂನ್ರೀ ಸಾಹೇಬ್ರ" ಎಂದಿದ್ದ. ಹುಟ್ಟಿಸಿ ಹೇಳುವುದೇನು ಕಷ್ಟ. ದಾರಿಯಲ್ಲಿ ಕೌಜುಗ ಕೂಗಿದಾಗ, ಅದು ಗಂಡನ ಮೇಲೆ ಮುನಿದು ತವರಿಗೆ ಹೊರಟವಳ ಕೂಗು ಎಂದ. ದೊರೆಸಾನಿ ನಕ್ಕಳು. ಕೆಂಬೂತ ಕಂಡಾಗ, ಇದನ್ನು ಕಂಡವರಿಗೆ ಆ ದಿನ ಹೋಳಿಗೆ ಊಟ ಎಂದ. ಅದಕ್ಕೂ ನಕ್ಕಳು. ಆಕೆಯ ಗಂಡ, ಉದ್ದನೆಯ ಸಾಹೇಬ, ಕಲಾದಗಿ ಕಡೆ ಯಾವುದೋ ದೊಡ್ಡ ಹುದ್ದೆಯವನು, ನಗದೆ ಚಿಲುಮೆ ಸೇದುತ್ತಿದ್ದ. ಎಲ್ಲ ಸುಸೂತ್ರವಾಗಿಯೇ ನಡೆದಿತ್ತು. ಶಂಕ್ರೆಪ್ಪ ಮಾತ್ರ ಅವರನ್ನು ಎತ್ತರದ ಬಯಲಿನಲ್ಲೇ ಸುತ್ತಿಸುತ್ತಿದ್ದ; ಕೆಳಗೆ ಹಳ್ಳದ ಕಡೆ, ಹರಳು ನೆಲದ ಕಡೆ ಇಳಿಸುತ್ತಿರಲಿಲ್ಲ. ಆಳುಗಳ ಮುಂದಾಳು ಭರಮಪ್ಪ ಒಮ್ಮೆ "ಹಳ್ಳದ ಕಡೆ ನೆಳ್ಳ ಐತಲ್ಲೋ ಶಂಕ್ರೆಪ್ಪಾ, ಇವ್ರನ್ನ ಯಾಕ ಸುಡಾಕ ಹತ್ತೀ?" ಎಂದು ಕೇಳಿದಾಗ, ಕೇಳಿಸದವನಂತೆ ಮುಂದೆ ನಡೆದ.

ಆದರೆ ದೊರೆಸಾನಿಗೆ ನೀರು ಕಂಡಿತು. ಕಂಡದ್ದೇ ಆಕೆ ಯಾರನ್ನೂ ಕೇಳದೆ ಲಂಗ ಎತ್ತಿ ಹಿಡಿದು ಇಳಿಜಾರು ಇಳಿಯತೊಡಗಿದಳು. ಸಾಹೇಬ ಇಳಿದ, ಕಾರಭಾರಿಗಳು ಜೋಡು ಕಿರುಗುಟ್ಟಿಸುತ್ತ ಇಳಿದರು, ಶಂಕ್ರೆಪ್ಪನೂ ಇಳಿದ. ಹರಳಿನ ನೆಲದಿಂದ ಅದು ಎದ್ದಿತು, ಟಿಟವಿ ಹಕ್ಕಿ. ಕಪ್ಪು ತಲೆ, ಹಳದಿ ಕಾಲು, ಕಣ್ಣ ಹತ್ತಿರ ಕೆಂಪು. ಎದ್ದು, ತಲೆಯ ಮೇಲೆಯೇ ಸುತ್ತು ಹಾಕುತ್ತ, ಗಂಟಲು ಹರಿಯುವ ಹಾಗೆ ಕೂಗಿತು. ಮೊಟ್ಟೆ ಇಲ್ಲೇ ಎಲ್ಲೋ ಬಯಲಿನಲ್ಲೇ ಇರಬೇಕು. ಗೂಡೆಂಬುದು ಅದಕ್ಕಿಲ್ಲ, ಇರುವುದೆಲ್ಲ ಈ ಕೂಗು. ಊರಿನವರು ಟಿಟವಿ ಕೂಗಿದರೆ ಕೇಡು ಎಂದು ಥೂ ಎಂದು ಉಗಿಯುತ್ತಾರೆ. ಹಿಂದಿದ್ದ ಭರಮಪ್ಪ ಉಗಿದ. ಸಾಹೇಬ ಮಾತ್ರ ಬೆಳಗಿನಿಂದ ಮೊದಲ ಸಲ ನಕ್ಕು, ಚಿಲುಮೆ ಬಾಯಿಂದ ತೆಗೆದು, ಇದು ತನಗೆ ಗೊತ್ತು, ಇದು ಇಂಗ್ಲಿಷ್ ಮಾತಾಡುವ ಹಕ್ಕಿ ಎಂದ. "ಡಿಡ್ ಯು ಡೂ ಇಟ್? ಡಿಡ್ ಯು ಡೂ ಇಟ್?" ದಂಡಿನ ಸಾಹೇಬನೂ ಇದನ್ನೇ ಅನ್ನುತ್ತಿದ್ದ. ಆಗ ಶಂಕ್ರೆಪ್ಪ ನಕ್ಕಿದ್ದ. ಈಗ ಅದು, ಯಾರೂ ಕೇಳದಿದ್ದರೂ, ಅವನೊಳಗೆ ತಾನಾಗಿಯೇ ಕನ್ನಡಕ್ಕೆ ದಾಟಿತು. ನೀನೇ ಮಾಡಿದಿ ಏನು? ನೀನೇ ಮಾಡಿದಿ ಏನು? ದಾಟಿಸುವ ಚಾಳಿ ಉಸಿರಾಡುವಷ್ಟು ರೂಢಿಯಾದವನಿಗೆ ಅದನ್ನು ನಿಲ್ಲಿಸಲಿಕ್ಕೂ ಬರುವುದಿಲ್ಲ.

ಅಂದು ಮಗಳು ಮರೆವ್ವ ಅವನ ಹೆಗಲ ಮೇಲಿದ್ದಳು. ಎರಡೂ ಕಾಲು ಅವನ ಎದೆಯ ಮೇಲೆ ಇಳಿಬಿಟ್ಟು, ಎರಡೂ ಕೈಯಲ್ಲಿ ಅವನ ರುಮಾಲನ್ನು ಎಡಗಡೆಗೆ ಎಳೆದು ಹಿಡಿದುಕೊಂಡು. ಸುರೇಬಾನದ ಮನೆಯಿಂದ ಹೊಲದ ದಾರಿ. ಜೋಳ ಕೊಯ್ದು ಕೂಳೆ ನಿಂತಿತ್ತು. ದೂರದಲ್ಲಿ ತೊರಗಲ್ಲ ಕೋಟೆ ಬಿಸಿಲಿಗೆ ಅಲುಗುತ್ತಿತ್ತು. ಇದೇ ಹಕ್ಕಿ ತಲೆಯ ಮೇಲೆ ಸುತ್ತಿ ಕೂಗಿದಾಗ ಹುಡುಗಿ ಉಗಿಯಲಿಲ್ಲ. ಕಿವಿಗೊಟ್ಟು ಕೇಳಿ, "ಅಪ್ಪಾ, ಅದು ನಿನ್ನ ಕೇಳಾಕ ಹತ್ತೇತಿ" ಅಂದಳು. "ಏನಂತವ್ವಾ?" "ಎಲ್ಲಿಗ್ಹೋದಿ? ಎಲ್ಲಿಗ್ಹೋದಿ? ಅಂತ." ಶಂಕ್ರೆಪ್ಪ ದಾರಿಯಲ್ಲೇ ನಿಂತುಬಿಟ್ಟಿದ್ದ. ಎಷ್ಟು ಹಕ್ಕಿಯ ತೊಗಲು ಸುಲಿದವನು, ಎಷ್ಟು ಹೆಸರು ಬಲ್ಲವನು. ಆದರೆ ಅಷ್ಟು ದಿನ ಆ ಹಕ್ಕಿ ಆಡುತ್ತಿದ್ದುದು ತನ್ನ ಮನೆಯ ಮಾತೆಂದು ತಿಳಿದಿರಲಿಲ್ಲ. ಆಮೇಲೆ ಅದು ಮನೆಯಲ್ಲಿ ಆಟವಾಯಿತು. ರಮಣಾದಲ್ಲಿ ವಾರಗಟ್ಟಲೆ ಇದ್ದು ಅವನು ಮನೆಗೆ ಬಂದರೆ, ಹುಡುಗಿ ಬಾಗಿಲ ಸಂದಿಯಿಂದ ಕೈ ಬಡಿಯುತ್ತ ಹಾರಿ ಬಂದು "ಎಲ್ಲಿಗ್ಹೋದಿ? ಎಲ್ಲಿಗ್ಹೋದಿ?" ಎಂದು ಅವನನ್ನು ಸುತ್ತುತ್ತಿದ್ದಳು. ಅವ್ವ ಒಲೆಯ ಮುಂದಿರಲಿ, ಬೀಸುವ ಕಲ್ಲಿನ ಮುಂದಿರಲಿ, ಕಣ್ಣಿಗೆ ಕಾಣಲಿಲ್ಲ ಅಂದರೆ ಅವಳಿಗೂ ಅದೇ ಕೂಗು. ಶಟ್ಟೆವ್ವ ಇದ್ದಲ್ಲಿಂದಲೇ, ಬೀಸುವುದನ್ನೂ ನಿಲ್ಲಿಸದೆ, "ಇಲ್ಲೇ ಅದೀನವ್ವಾ, ಎಲ್ಲೂ ಹೋಗಿಲ್ಲ" ಅನ್ನುತ್ತಿದ್ದಳು. ಅವಳು ನಿಜವಾಗಿಯೂ ಎಲ್ಲೂ ಹೋದವಳಲ್ಲ. ಹೋಗುತ್ತಿದ್ದವನು ಅವನು.

"ನಿಮ್ಮ ಭಾಷೆಯಲ್ಲಿ ಅದು ಏನು ಹೇಳುತ್ತದೆ?" ದೊರೆಸಾನಿ ಕೇಳಿದಳು. ಆಕೆಯ ಕಣ್ಣು ನಿಜಕ್ಕೂ ಅರಳಿದ್ದವು, ಕೆಟ್ಟ ಹೆಂಗಸಲ್ಲ. ಶಂಕ್ರೆಪ್ಪ, ನಮ್ಮಲ್ಲಿ ಅದು ಏನೂ ಹೇಳುವುದಿಲ್ಲ ಅಂದ. ಏನೂ ಇಲ್ಲವೇ, ಬೇರೆ ಎಲ್ಲ ಹಕ್ಕಿಗೂ ಒಂದೊಂದು ಮಾತು ಇತ್ತಲ್ಲ, ಇಷ್ಟು ಬಾಯಿಬಡಕ ಹಕ್ಕಿಗೆ ಇಲ್ಲವೇ ಎಂದು ಆಕೆ ಮುಖ ಸಣ್ಣದು ಮಾಡಿದಳು. ಕಾರಭಾರಿಗಳು ಅವನ ಕಡೆ ನೋಡಿ ಹುಬ್ಬು ಹಾರಿಸಿದರು. ಹುಟ್ಟಿಸಿ ಹೇಳು ಎಂದು ಅರ್ಥ. ಹುಟ್ಟಿಸಬಹುದಿತ್ತು. ಕೌಜುಗಕ್ಕೆ ಹುಟ್ಟಿಸಿದವನಿಗೆ ಟಿಟವಿಗೆ ಹುಟ್ಟಿಸುವುದು ಎಷ್ಟರ ಮಾತು. ಕಾರಭಾರಿಗಳ ಹೆದರಿಕೆಗೆ ಹೇಳಿದೆ ಎಂದು ಆಮೇಲೆ ಅವನು ತನಗೆ ತಾನೇ ಸಮಾಧಾನ ಹೇಳಿಕೊಳ್ಳಲು ನೋಡಿದ, ಆಗಲಿಲ್ಲ. ಅದು ಹೆದರಿಕೆ ಆಗಿರಲಿಲ್ಲ. ಆ ಮಾತನ್ನು ಒಂದು ಸಲ ಯಾರಾದರೂ ಬಾಯಿಬಿಟ್ಟು ಅಂದದ್ದನ್ನು ಕೇಳಬೇಕು ಅನ್ನಿಸಿತ್ತು. ಮಗಳು ಹೋದಂದಿನಿಂದ ಮನೆಯಲ್ಲಿ ಅವನಾಗಲಿ ಶಟ್ಟೆವ್ವನಾಗಲಿ ಆ ನಾಲ್ಕು ಅಕ್ಷರ ಆಡಿರಲಿಲ್ಲ. ಸಂತೆಗೆ ಹೋದವನನ್ನು ಕೂಡ ಅವಳು "ಯಾವ ಕಡೆ ಹೋಗಿದ್ರಿ" ಎಂದೇ ಕೇಳುತ್ತಿದ್ದಳು, ಕಾಲಿಟ್ಟಲ್ಲಿ ಗಾಜು ಇದೆ ಎಂಬಂತೆ ಆ ಮಾತನ್ನು ಸುತ್ತುಬಳಸಿ ದಾಟುತ್ತಿದ್ದಳು. ಅವನಿಗೆ ಬಾಯಾರಿದಂತಾಗಿತ್ತು. ಹೇಳಿಬಿಟ್ಟ.

"ಎಲ್ಲಿಗ್ಹೋದಿ," ಅಂದ. ಎಲ್ಲಿಗೆ ಹೋಗಿದ್ದೆ ಎಂದು ಅದರ ಅರ್ಥ ಎಂದು ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದ. ದೊರೆಸಾನಿ ಚಪ್ಪಾಳೆ ತಟ್ಟಿದಳು. ಹಕ್ಕಿ ಕೂಗಿತು, ಆಕೆ ಮುಖ ಮೇಲೆ ಮಾಡಿ "ಯಲ್ಲಿಗೋಡಿ! ಯಲ್ಲಿಗೋಡಿ!" ಎಂದು ಕೂಗಿದಳು. ಹಕ್ಕಿಗೂ ಆಕೆಗೂ ಸರಿ ಹೊಂದಿತು. ಸಾಹೇಬ ನಕ್ಕ. ಕಾರಭಾರಿಗಳು ಹೊಟ್ಟೆ ಹಿಡಿದುಕೊಂಡು ನಕ್ಕು, "ಭಲೇ ಶಂಕ್ರೆಪ್ಪಾ! ಎಲ್ಲಿಗ್ಹೋದಿ ಅಂತದೇನು? ಖರೇನ ಹಂಗೇ ಅಂತದಲ್ಲೋ!" ಅಂದರು. ಹಿಂದಿದ್ದ ಆಳುಗಳು ಅದನ್ನು ಎತ್ತಿಕೊಂಡರು, ಒಬ್ಬ ಎಲ್ಲಿಗ್ಹೋದಿ ಅಂದರೆ ಇನ್ನೊಬ್ಬ "ನಿಮ್ಮ ಅತ್ತೀ ಮನಿಗೆ" ಅಂದ, ಹಾಸ್ಯ ಹಳ್ಳದುದ್ದಕ್ಕೂ ಹರಿಯಿತು. ಶಂಕ್ರೆಪ್ಪನೂ ನಕ್ಕ. ಅದೇ ಅವನಿಗೆ ಆಮೇಲೆ ತಡೆಯಲಾಗದ್ದು. ಹಲ್ಲು ಬಿಟ್ಟು, ಸದ್ದು ಮಾಡಿ, ತಾನೂ ನಕ್ಕದ್ದು. ಭರಮಪ್ಪ ಒಬ್ಬನೇ ನಗಲಿಲ್ಲ. ಅವನು ಸುರೇಬಾನದಲ್ಲಿ ಪಕ್ಕದ ಮನೆಯವನು. ಬಾಗಿಲ ಸಂದಿಯಿಂದ ಬರುತ್ತಿದ್ದ ಆ ಕೂಗನ್ನು ಕೇಳಿದವನು. ಅವನು ಶಂಕ್ರೆಪ್ಪನ ಮುಖ ನೋಡಿ, ಆಮೇಲೆ ನೆಲ ನೋಡಿದ. ಇದು ಹಳೆಯ ಕಾಲದಿಂದ ಬಂದ ಮಾತೇ, ಈ ಕಡೆಯವರೆಲ್ಲ ಹೀಗೆ ಅನ್ನುತ್ತಾರೆಯೇ ಎಂದು ದೊರೆಸಾನಿ ಕೇಳಿದಳು. ಶಂಕ್ರೆಪ್ಪ, ಹೌದು, ಈ ಕಡೆಯ ಮಂದಿ ಎಲ್ಲರೂ ಹೀಗೇ ಅನ್ನುತ್ತಾರೆ ಅಂದ. ಎಲ್ಲರೂ. ಹಾಗೆ ಅಂದಾಗ ಎದೆಯ ಮೇಲಿದ್ದ ಎರಡು ಸಣ್ಣ ಕಾಲು ಇಳಿದು ಹೋದವು.

ಹೋದ ವರ್ಷವೂ ಹೀಗೇ ಒಬ್ಬ ಸಾಹೇಬ ಬಂದಿದ್ದ. ಅವನಿಗೆ ಎರಿಭೂತ ನೋಡಬೇಕಾಗಿತ್ತು. ಎರಿಹೊಲಗಳಲ್ಲಿ ಕೂಸಿನಷ್ಟು ಎತ್ತರ ನಿಂತು ನಡೆಯುವ ಆ ದೊಡ್ಡ ಹಕ್ಕಿ. ಹಳ್ಳಿಗಳಲ್ಲಿ ಇಲಿ ಬಿದ್ದು, ಪಲೇಗು ಹೊಕ್ಕು, ಜನ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡಿದ್ದರು. ರಮಣಾದವರು ಊರಿಗೆ ಹೋಗಕೂಡದು, ಹೋದವರು ತಿರುಗಿ ಬರಕೂಡದು ಎಂದು ಸಂಸ್ಥಾನದ ಹುಕುಂ ಇತ್ತು. ಭರಮಪ್ಪ ಹಳ್ಳದ ಆಚೆ ದಂಡೆಯಲ್ಲಿ ನಿಂತು, ಬಾಯಿಗೆ ಕೈ ಹಿಡಿದು ಕೂಗಿದ್ದ. "ಹುಡುಗೀಗೆ ಜ್ವರ ಬಂದಾವು! ಬಾ ಅಂದಾಳ ಶಟ್ಟೆವ್ವ!" ಈಚೆಯಿಂದ ಇವನು "ಗಂಟ ಎದ್ದಾವೇನು?" ಎಂದು ಕೂಗಿ ಕೇಳಿದ. "ನಾ ನೋಡಿಲ್ಲೋ ಮಾರಾಯಾ!" ಅಷ್ಟು ಸಾಕಾಯಿತು. ನೋಡಿಲ್ಲವೆಂದರೆ ಎದ್ದಿಲ್ಲ, ಎದ್ದಿಲ್ಲವೆಂದರೆ ಬರೀ ಜ್ವರ, ಬರೀ ಜ್ವರವೆಂದರೆ ಕಷಾಯಕ್ಕೆ ಹೋಗುತ್ತದೆ. ಒಂದು ಭಾಷೆಯಿಂದ ಇನ್ನೊಂದಕ್ಕೆ ದಾಟಿಸಿದಷ್ಟೇ ಸಲೀಸಾಗಿ ಅವನು ಆ ಮಾತನ್ನು ತನಗೆ ಬೇಕಾದ ಕಡೆಗೆ ದಾಟಿಸಿಕೊಂಡ. ನಾಳೆ ಎರಿಭೂತ ಕಂಡರೆ ನಾಳೆಯೇ ಹೋಗುತ್ತೇನೆ ಅಂದುಕೊಂಡ. ನಾಳೆ ಕಾಣಲಿಲ್ಲ. ನಾಡಿದ್ದು ಅಂದುಕೊಂಡ. ಕಡೆಗೆ ಅದು ಕಂಡಿತು, ಸಾಹೇಬ ದುರ್ಬೀನು ಕಣ್ಣಿಗಿಟ್ಟುಕೊಂಡು ಅವನ ಬೆನ್ನು ತಟ್ಟಿದ. ಆ ತಟ್ಟಿದ ಜಾಗ ಬೆಚ್ಚಗಿರುವಾಗಲೇ ಅವನು ಹಳ್ಳ ದಾಟಿ ಓಡಿದ್ದ. ಹೊಲದ ಬದುವಿನಲ್ಲಿ ಶಟ್ಟೆವ್ವ ಕೂತಿದ್ದಳು, ಗುಡಿಸಲಿನ ಹೊರಗೆ, ಗುಡಿಸಲಿಗೆ ಬೆನ್ನು ಮಾಡಿ. ಎಲ್ಲ ಮುಗಿದಿತ್ತು, ಮಣ್ಣು ಕೊಟ್ಟೂ ಆಗಿತ್ತು. ಅವಳು ಅಳಲಿಲ್ಲ, ಅವನನ್ನು ಬಯ್ಯಲಿಲ್ಲ. ಅವನ ಮುಖ ನೋಡಿ, "ಖಬರ ಇರಲಿಲ್ಲ ಅಕೀಗೆ. ಜ್ವರದಾಗ ಮೈಮ್ಯಾಲೆ ಧ್ಯಾಸ ಇರಲಿಲ್ಲ. ಯಾರನ್ನೂ ಕೇಳಲಿಲ್ಲ" ಅಂದಳು.

ಆ ಮಾತಿನ ಮೇಲೆ ಶಂಕ್ರೆಪ್ಪ ವರ್ಷ ಕಳೆದಿದ್ದ. ಅನ್ನ ಗಂಟಲಲ್ಲಿ ಇಳಿಯದಾಗ ಅದನ್ನು ನೆನೆಸಿಕೊಂಡು ಇಳಿಸುತ್ತಿದ್ದ. ಖಬರ ಇರಲಿಲ್ಲ. ಯಾರನ್ನೂ ಕೇಳಲಿಲ್ಲ. ಹೋಗದೆ ಇದ್ದದ್ದು ತಪ್ಪೇ. ಆದರೆ ತಾನು ಇಲ್ಲ ಎಂಬುದು ಆ ಕೂಸಿಗೆ ಗೊತ್ತಾಗಲಿಲ್ಲ. ಇಷ್ಟು ಒಂದು ಉಳಿದಿತ್ತು ಅವನಿಗೆ, ಇದು ಹೋದರೆ ಬೇರೆ ಏನೂ ಇರಲಿಲ್ಲ.

ಮಧ್ಯಾಹ್ನ ಬನ್ನಿಗಿಡದ ನೆರಳಿನಲ್ಲಿ ಜಮಖಾನೆ ಹಾಸಿತ್ತು. ನೀರು ಹೊರುವ ಹೆಂಗಸರು ಹಳ್ಳದ ಒರತೆಯಿಂದ ಕೊಡ ಹೊತ್ತು ಬಂದು ಸಾಲಾಗಿ ನಿಂತಿದ್ದರು. ಅವರಲ್ಲಿ ಶಟ್ಟೆವ್ವನೂ ಇದ್ದಳು. ಮನೆಯಲ್ಲಿ ಒಬ್ಬಳೇ ಕೂರಲಾರದೆ, ಹೋದ ಮಳೆಗಾಲದಿಂದ ಅವಳೂ ರಮಣಾದ ಚಾಕರಿಗೆ ಬರುತ್ತಿದ್ದಳು. ಇಲ್ಲಿ ಗಂಡ ಹೆಂಡತಿ ಮಾತಾಡುತ್ತಿರಲಿಲ್ಲ. ಅವನು ಸಾಹೇಬರ ಕಡೆಯವನು, ಅವಳು ಕೊಡದ ಕಡೆಯವಳು. ದೊರೆಸಾನಿ ಊಟದ ನಡುವೆಯೂ ಮೇಲೆ ಸುತ್ತುವ ಟಿಟವಿಗೆ "ಯಲ್ಲಿಗೋಡಿ" ಎಂದು ಕೂಗುತ್ತಿದ್ದಳು. ಶಂಕ್ರೆಪ್ಪ ಹೆಂಡತಿಯ ಕಡೆ ನೋಡಲಿಲ್ಲ. ಆಕೆಯ ಬಾಯಲ್ಲಿ ಅದು ಕನ್ನಡದಂತೆ ಕೇಳುವುದಿಲ್ಲ, ಇವಳಿಗೆ ತಿಳಿಯಲಿಕ್ಕಿಲ್ಲ ಎಂದು ಆಸೆಪಟ್ಟ. ಅಷ್ಟರಲ್ಲಿ ಕಾರಭಾರಿಗಳು, ಪಾಪ, ಒಳ್ಳೆಯ ಮನಸ್ಸಿನಿಂದಲೇ, ದೊರೆಸಾನಿಯ ಉಚ್ಚಾರ ತಿದ್ದಲು ಹೋದರು. "ಎಲ್-ಲಿಗ್-ಹೋ-ದಿ," ಎಂದು ಬಿಡಿಸಿ ಬಿಡಿಸಿ ಹೇಳಿಕೊಟ್ಟರು. ಕೊಡ ಇಳಿಸುತ್ತಿದ್ದ ಶಟ್ಟೆವ್ವನ ಕೈ ಅಲ್ಲೇ ನಿಂತಿತು.

ದೊರೆಸಾನಿ ಈಗ ಸರಿಯಾಗಿ ಕಲಿತಿದ್ದಳು. ಕಲಿತದ್ದನ್ನು ಯಾರ ಮೇಲಾದರೂ ಪ್ರಯೋಗಿಸುವ ಉತ್ಸಾಹ. ಎದುರಿಗೆ ನಿಂತಿದ್ದ ಹೆಂಗಸನ್ನು ನೋಡಿ, ಯಾರು ಈಕೆ ಎಂದು ಶಂಕ್ರೆಪ್ಪನನ್ನು ಕೇಳಿದಳು. ನೀರು ತರುವವಳು ಅಂದ. ಇಂಗ್ಲಿಷಿನಲ್ಲಿ ಅಂದದ್ದು, ಶಟ್ಟೆವ್ವನಿಗೆ ಇಂಗ್ಲಿಷು ಬಾರದು. ಆದರೆ ಅವಳು ಅವನ ಮುಖ ನೋಡುತ್ತಿದ್ದಳು, ಭರಮಪ್ಪನನ್ನು ಬಿಟ್ಟರೆ ಬೆಳಗಿನಿಂದ ಅವನ ಮುಖ ನೋಡಿದವಳು ಅವಳೊಬ್ಬಳೇ. ದೊರೆಸಾನಿ ಕೈ ಮಾಡಿ ಅವಳನ್ನು ಹತ್ತಿರ ಕರೆದು, ಕೊರಳು ಓರೆ ಮಾಡಿ, ಮಕ್ಕಳನ್ನು ಆಡಿಸುವ ಹಾಗೆ ನಕ್ಕು, ಹಕ್ಕಿಯ ದನಿಯಲ್ಲೇ ಕೇಳಿದಳು. "ಎಲ್ಲಿಗ್ಹೋದಿ? ಎಲ್ಲಿಗ್ಹೋದಿ?"

ಎಲ್ಲರೂ ನಗಲು ಸಿದ್ಧರಾಗಿ ಕಾದರು. ಶಟ್ಟೆವ್ವ ಆಕೆಯ ಕೆಂಪು ಮೂಗನ್ನು, ನಗುವ ಕಣ್ಣನ್ನು ನೋಡುತ್ತ ನಿಂತಳು. ಆಮೇಲೆ ಸೆರಗಿನ ತುದಿಯಿಂದ ಬಾಯಿ ಒರೆಸಿಕೊಂಡು, ಬೀಸುವ ಕಲ್ಲಿನ ಮುಂದೆ ಕೂತಾಗ ಹೇಳುತ್ತಿದ್ದ ಅದೇ ದನಿಯಲ್ಲಿ, ಅಷ್ಟೇ ಮೆಲ್ಲಗೆ, "ಇಲ್ಲೇ ಅದೀನವ್ವಾ, ಎಲ್ಲೂ ಹೋಗಿಲ್ಲ" ಅಂದಳು.

ಏನಂದಳು, ಏನಂದಳು ಎಂದು ದೊರೆಸಾನಿ ಶಂಕ್ರೆಪ್ಪನ ತೋಳು ಹಿಡಿದು ಕೇಳಿದಳು. ಶಂಕ್ರೆಪ್ಪನಿಗೆ ಆ ಮಾತಿನ ಇಂಗ್ಲಿಷು ಗೊತ್ತಿತ್ತು. ಸಣ್ಣ ಸಣ್ಣ ಶಬ್ದಗಳು, ದಂಡಿನಲ್ಲಿ ಮೊದಲ ವಾರವೇ ಕಲಿತವು. ನೀರಿಗೆ ಹೋಗಿದ್ದೆ ಅನ್ನುತ್ತಾಳೆ, ಅಂದ. ದೊರೆಸಾನಿ ಖುಷಿಯಾಗಿ ನಕ್ಕಳು. ಸಾಹೇಬ, ಕಾರಭಾರಿಗಳು ನಕ್ಕರು. ಶಟ್ಟೆವ್ವ ಆ ನಗೆಯನ್ನು ಕೇಳಿ, ತಾನು ಅಂದದ್ದಕ್ಕೆ ಹೀಗೆ ನಗಲಿಕ್ಕೆ ಆಗುವುದಿಲ್ಲ ಎಂದು ತಿಳಿದುಕೊಂಡಳು. ಗಂಡನನ್ನು ಒಂದು ಸಲ ನೋಡಿ, ಸಿಂಬಿ ತಲೆಗಿಟ್ಟುಕೊಂಡು ಖಾಲಿ ಕೊಡದೊಂದಿಗೆ ಹೊರಟಳು. ಶಂಕ್ರೆಪ್ಪನಿಗೆ ಹಿಂದೆ ಓಡಿ ಅವಳ ಕಾಲು ಹಿಡಿಯಬೇಕು ಅನ್ನಿಸಿತು. ದೊರೆಸಾನಿ ಬನ್ನಿಗಿಡದ ಮೇಲಿನ ಇನ್ನೊಂದು ಹಕ್ಕಿಯ ಹೆಸರು ಕೇಳಿದಳು, ಅವನು ಹೇಳಿದ.

ಹೊತ್ತು ಇಳಿಯುವ ಮುನ್ನ ಅತಿಥಿಗಳ ಟಾಂಗಾ ರಾಮದುರ್ಗದ ಕಡೆ ಹೋಯಿತು. ಇಬ್ಬರೂ ಕೂಳೆ ಹೊಲದ ದಾರಿ ಹಿಡಿದು ಊರಿಗೆ ಹೊರಟರು, ಅವಳು ಮುಂದೆ, ಅವನು ಹಿಂದೆ. ಊರಲ್ಲಿ ಗಂಡಸು ಮುಂದೆ ನಡೆಯುವುದು ವಾಡಿಕೆ. ಇವತ್ತು ಅವಳು ಮುಂದಾಗಿದ್ದಳು, ಅವನಿಗೆ ದಾಟಿ ಹೋಗಲು ಧೈರ್ಯವಾಗಲಿಲ್ಲ. ಏನಾದರೂ ಅನ್ನಲಿ, ಬಯ್ಯಲಿ, ಕೊಡ ಎತ್ತಿ ತಲೆಗೆ ಕುಕ್ಕಲಿ ಎಂದು ಕಾದ. ಬದುವಿನ ಹತ್ತಿರ, ಹೋದ ವರ್ಷ ಗುಡಿಸಲು ಹಾಕಿದ್ದ ಜಾಗ ಬಂದಾಗ, ಅವಳು ನಿಂತು ಕೊಡ ಇಳಿಸಿದಳು.

"ಆ ದೊರೆಸಾನಿಗೆ ಏನಂತ ಹೇಳಿದ್ರಿ?"

"ನೀರಿಗೆ ಹೋಗಿದ್ಲು ಅಂತ."

"ಹೂಂ." ಅವಳು ಕೊಡದ ಕಂಠವನ್ನು ಬೆರಳಿನಿಂದ ಒರೆಸಿದಳು. "ಅಷ್ಟು ಮಂದಿ ಬಾಯಾಗ ಹಾಕಿದ್ರಿ ಅದನ್ನ."

"ತಪ್ಪಾತು ಶಟ್ಟೆವ್ವಾ. ಯಾರರ ಅಂದದ್ದು ಕೇಳಬೇಕನಿಸಿತು. ನನಗ... ಯಾರೂ ಅನ್ನೂದಿಲ್ಲಲಾ ಮನ್ಯಾಗ."

ಅವಳು ಅವನನ್ನು ನೋಡಿದಳು. ಸಿಟ್ಟು ಇರಲಿಲ್ಲ ಆ ನೋಟದಲ್ಲಿ. ಬಹಳ ದಣಿದಿದ್ದಳು, ಇನ್ನು ಹೊರಲಾರೆ ಎಂಬಂತೆ. "ನಾನೂ ನಿಮಗ ಹಂಗೇ ಹೇಳಿದ್ನಿ," ಅಂದಳು.

"ಏನು?"

"ಖಬರ ಇರಲಿಲ್ಲ ಅಂತ. ನೀವು ಆವತ್ತ ಓಡಿ ಬಂದ ಮಾರಿ ನೋಡಿ ಹಂಗ ಹೇಳಿದ್ನಿ." ಅದೇ ದನಿಯಲ್ಲಿ ಹೇಳಿದಳು. "ಇತ್ತು. ಕಡೀತನಕ ಇತ್ತು. ಹೊಲದಾಗ ಟಿಟವಿ ಒದರಿದಾಗೊಮ್ಮೆ ಕಣ್ಣ ತೆಗೀತಿದ್ಲು. ನಾ ಬಾಜೂಕ ಕುಂತು, ಇಲ್ಲೇ ಅದೀನವ್ವಾ, ಎಲ್ಲೂ ಹೋಗಿಲ್ಲ ಅಂತಿದ್ನಿ. ಅದಕ್ಕ ಅಕಿ, 'ನಿನ್ನಲ್ಲಬೇ, ಅಪ್ಪನ್ನ ಕೇಳಾಕ ಹತ್ತೇತಿ' ಅಂತಿದ್ಲು."

ಅವಳು ಸಿಂಬಿ ಸರಿಮಾಡಿಕೊಂಡು ಕೊಡ ಎತ್ತಿ ನಡೆದಳು. ಶಂಕ್ರೆಪ್ಪ ಅಲ್ಲೇ ನಿಂತ. ರುಮಾಲು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡ. ಕೂಳೆಯ ಆಚೆ, ಎಲ್ಲಿಂದಲೋ ಎದ್ದು, ಟಿಟವಿ ಅವನ ತಲೆಯ ಮೇಲೆ ಬಂದು ಸುತ್ತಿ ಕೇಳತೊಡಗಿತು.

"ರಮಣಾದ ಕಡೆಗವ್ವಾ," ಅಂದ ಅವನು. "ಇಲ್ಲೇ ರಮಣಾದ ಕಡೆ ಹೋಗಿದ್ನಿ."

ಹಕ್ಕಿ ಮತ್ತೆ ಅದನ್ನೇ ಕೇಳಿತು.